ಬೀಗ ಹಾಕಿದ ಚೀಜುಗಳು

ನಾನು ಹುಟ್ಟಾ ಅಧಿಕಪ್ರಸಂಗಿ. ಈ ಮಾತನ್ನು ಮೊದಲು ನನ್ನ ತಾಯಿ ಹೇಳುತ್ತಿದ್ದಳು, ಈಗ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ಹೇಳುತ್ತಾರೆ, ಇಬ್ಬರೂ ಸುಳ್ಳಾಡುವವರಲ್ಲ. ಬಾಗಿಲು ತೆಗೆ ಎಂದರೆ ಕಿಟಕಿಯನ್ನೂ ತೆಗೆದು, ಕಸ ಗುಡಿಸಿ, ಅಂಗಳಕ್ಕೆ ರಂಗೋಲಿ ಹಾಕಿ ಬರುವವಳು ನಾನು. ಈ ಸ್ವಭಾವದಿಂದ ಹಿಂದೆ ಆದ ಅನಾಹುತಗಳೆಲ್ಲ ನಗಾಡಿ ಮರೆಯುವಂಥವು. ಮಾಸ್ತರರ ವಹಿಯ ವಿಷಯದಲ್ಲಿ ಆದದ್ದು ಮಾತ್ರ ಹಾಗಲ್ಲ.

ಮಾಸ್ತರರು ನನಗೆ ಹಿಂದುಸ್ತಾನಿ ಸಂಗೀತ ಕಲಿಸಿದವರು. ಬಿಣಗಾದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪಾಳಿಯ ಮೇಲೆ ದುಡಿದು, ಪಾಳಿ ಬಿಟ್ಟ ಮೇಲೆ ಹಾಡು ಕಟ್ಟಿದವರು. ಅವರ ಊರು ನೌಕಾನೆಲೆಯ ಕಾಂಪೌಂಡಿನೊಳಗೆ ಹೋದ ಮೇಲೆ ತೋಡೂರಿನ ಕಾಲನಿಯಲ್ಲಿ ಮನೆ ಕಟ್ಟಿಕೊಂಡು, ಹೆಂಡತಿ ಮತ್ತು ಮಗನ ಸಂಸಾರದ ಜೊತೆ ಇದ್ದಾರೆ. ನಾನು ಹಟ್ಟಿಕೇರಿಯವಳು, ಅಲ್ಲಿಯ ಶಾಲೆಯಲ್ಲೇ ಟೀಚರು. ಇಪ್ಪತ್ತೆರಡು ವರ್ಷ ಪ್ರತಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಸಿಕ್ಕಿದ ಟೆಂಪೊ ಹಿಡಿದು ಅವರ ಮುಂದೆ ಹೋಗಿ ಕೂತಿದ್ದೇನೆ.

ಅವರು ಕಟ್ಟಿದ್ದು ಚೀಜುಗಳನ್ನು. ಒಂದು ರಾಗದಲ್ಲಿ, ಒಂದು ತಾಳಕ್ಕೆ ಕೂರಿಸಿದ ನಾಲ್ಕು ಸಾಲಿನ ಹಾಡಿಗೆ ಚೀಜು ಅನ್ನುತ್ತಾರೆ. ಗವಾಯಿ ಒಂದು ತಾಸು ಹಾಡಿದರೂ ಬುಡದಲ್ಲಿ ಇರುವುದು ಆ ನಾಲ್ಕು ಸಾಲೇ. ಮಾಸ್ತರರು ಒಟ್ಟು ನಲವತ್ತೊಂದು ಚೀಜು ಕಟ್ಟಿ, ಸ್ವರ ಹಾಕಿ, ತಾಳದ ಗುರುತು ಹಾಕಿ, ಒಂದು ಉದ್ದನೆಯ ವಹಿಯಲ್ಲಿ ನೀಲಿ ಶಾಯಿಯಿಂದ ಬರೆದಿಟ್ಟಿದ್ದರು. ಆ ವಹಿಯನ್ನು ಶಿಷ್ಯರು ಯಾರೂ ನೋಡಿದವರಲ್ಲ. ಕಲಿಯುವಾಗ ನಾವು ಬರೆದುಕೊಳ್ಳುವ ಹಾಗೂ ಇರಲಿಲ್ಲ. ಅವರ ಬಾಯಿಂದ ಬಂದದ್ದು ನಮ್ಮ ಬಾಯಲ್ಲಿ ಕೂರುವ ತನಕ ಅವರು ಹಾಡುತ್ತಿದ್ದರು, ನಾವು ಹಾಡುತ್ತಿದ್ದೆವು. ಹಾಗೆ ನನಗೆ ಬಂದವು ಹತ್ತೊಂಬತ್ತು.

ಎರಡು ವರ್ಷದ ಹಿಂದೆ ಅವರ ಗಂಟಲಲ್ಲಿ ಗಡ್ಡೆಯಾಯಿತು. ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಧ್ವನಿ ಪೂರ್ತಿ ಹೋಯಿತು. ಕೊರಳ ಬುಡದಲ್ಲಿ ಉಸಿರಿಗೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಹೇಳಬೇಕಾದದ್ದನ್ನು ಬರೆದು ತೋರಿಸಲಿ ಎಂದು ನಾನೇ ಶಾಲೆಯಿಂದ ಒಂದು ಸ್ಲೇಟು ಮತ್ತು ಬಳಪದ ಪೆಟ್ಟಿಗೆ ತಂದುಕೊಟ್ಟೆ.

ಅವರು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತ್ತು. ಮನುಷ್ಯ ಇನ್ನು ಹಾಡುವುದಿಲ್ಲ, ನನಗೆ ಬರುವುದು ಅರ್ಧವೂ ಅಲ್ಲ, ಹಾಗಾದರೆ ಉಳಿದ ಚೀಜುಗಳ ಗತಿಯೇನು? ವಹಿಯೊಂದೇ ಗತಿ ಅನ್ನಿಸಿತು. ವೈನಿಯ ಹತ್ತಿರ, ಅಂದರೆ ಮಾಸ್ತರರ ಹೆಂಡತಿಯ ಹತ್ತಿರ, ಪುಸಲಾಯಿಸಿ ಮಾತಾಡಿದೆ. ಅವರು ಟ್ರಂಕು ತೆಗೆದು, ಹಳೇ ಪಂಚೆಯಲ್ಲಿ ಸುತ್ತಿದ್ದ ವಹಿಯನ್ನು ನನ್ನ ಕೈಗೆ ಕೊಟ್ಟರು. ಅಂಕೋಲೆಯಲ್ಲಿ ಎಲ್ಲ ಪುಟಗಳ ಝೆರಾಕ್ಸ್ ತೆಗೆಸಿ, ಸಂಗೀತದ ಪುಸ್ತಕ ಅಚ್ಚು ಹಾಕುವ ಧಾರವಾಡದ ಒಬ್ಬ ಪ್ರಕಾಶಕರಿಗೆ ಕಳಿಸಿದೆ. ಪುಟ ತೆರೆದು ಓದಲಿಲ್ಲ. ನೋಡಬಾರದೆಂದು ಮಾಸ್ತರರು ಹೇಳಿದ ವಹಿ, ನೋಡಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಪ್ರಾಮಾಣಿಕತೆ.

ಪ್ರಕಾಶಕರು ಒಪ್ಪಿದರು, ಮಾಸ್ತರರ ಒಪ್ಪಿಗೆ ಪತ್ರ ಬೇಕೆಂದರು. ಆಸ್ಪತ್ರೆಯವರು ಸಹಿಗೆ ಕೊಟ್ಟಿದ್ದ ನಾಲ್ಕಾರು ಕಾಗದಗಳ ನಡುವೆ ನಾನು ಅದನ್ನೂ ಸೇರಿಸಿದೆ. ಮಾಸ್ತರರು ಒಂದನ್ನೂ ಓದದೆ ಎಲ್ಲಕ್ಕೂ ಸಹಿ ಹಾಕಿದರು. ಪುಸ್ತಕವನ್ನು ಒಮ್ಮೆಲೇ ಅವರ ಕೈಯಲ್ಲಿಟ್ಟು ಬೆರಗುಗೊಳಿಸಬೇಕೆಂದು ನನ್ನ ಆಸೆ. ವಿನಾಯಕನನ್ನು ಮಾಡಲು ಹೋಗಿ ವಾನರನನ್ನು ಮಾಡಿದರು ಅನ್ನುತ್ತಾರಲ್ಲ, ನಾನು ಮಾಡಿದ್ದು ಅದೇ ಕೆಲಸ.

ಕಳೆದ ಚಳಿಗಾಲದ ಒಂದು ಗುರುವಾರ, ಮಕ್ಕಳಿಗೆ ಬಿಸಿಯೂಟ ಬಡಿಸುತ್ತಿದ್ದಾಗ ವೈನಿಯ ಫೋನು ಬಂತು. ಧಾರವಾಡದಿಂದ ಅಚ್ಚಿನ ಕರಡು ನೇರ ಮನೆಗೇ ಬಂದಿತ್ತು.

"ಕಟ್ಟು ಬಿಚ್ಚಿ ನೋಡ್ದವ್ರು ಹಂಗೇ ಕೂತ್ಬಿಟ್ಟಿದ್ರು ತಂಗಿ," ಅಂದರು. "ಗಂಜಿನೂ ಬೇಡ ಅಂದ್ರು. ನೀ ಈಗ್ಲೇ ಬಾ."

ಆನಂದಕ್ಕೇ ಹಾಗಾಗಿದೆ ಎಂದುಕೊಂಡೆ ನಾನು. ಅರ್ಧ ದಿನದ ರಜೆ ಬರೆದುಕೊಟ್ಟು, ದಾರಿಯಲ್ಲಿ ಅವರ್ಸಾದಲ್ಲಿ ಇಳಿದು ಕಾಲು ಕಿಲೋ ಪೇಡೆ ಕಟ್ಟಿಸಿಕೊಂಡು ಹೋದೆ. ಆ ಪೇಡೆ ನೆನಪಾದರೆ ಇವತ್ತಿಗೂ ನನಗೆ ಮುಖ ಎತ್ತಲು ಆಗುವುದಿಲ್ಲ.

ಮಾಸ್ತರರು ಜಗಲಿಯ ಮಂಚದ ಮೇಲೆ ಕೂತಿದ್ದರು. ಸುತ್ತಲೂ ಕರಡು ಪುಟಗಳು. ಕೊರಳ ಬಟ್ಟೆ ಉಸಿರಿಗೆ ಪಟಪಟ ಹಾರುತ್ತಿತ್ತು. ನನ್ನನ್ನು ನೋಡಿದ ಕೂಡಲೇ ಸ್ಲೇಟು ಎತ್ತಿ ಹಿಡಿದರು, ಮೊದಲೇ ಬರೆದಿಟ್ಟಿದ್ದರು. ಯಾರು ಕೊಟ್ಟದ್ದು ಎಂದಿತ್ತು. ನಾನು ಎಂದೆ. ಪೇಡೆಯ ಪೊಟ್ಟಣ ಮುಂದೆ ಚಾಚಿದೆ. ಅವರು ಸ್ಲೇಟು ಒರೆಸಿ ಇನ್ನೊಂದು ಸಾಲು ಬರೆದರು. ಬಳಪ ಎರಡು ಸಲ ಮುರಿಯಿತು.

"ಇದರಲ್ಲಿ ಇರುವುದೆಲ್ಲ ತಪ್ಪು. ಬೇಕೆಂದೇ ಬರೆದದ್ದು."

ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಅವರಿಗೆ ಒಂದು ತಾಸು ಹಿಡಿಯಿತು. ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಅವರು ಎಳೆಯರಿದ್ದಾಗ ತಮ್ಮ ಗುರುಗಳಿಂದ ಕಲಿತ ಪದ್ಧತಿಯಂತೆ ಅದು. ಚೀಜನ್ನು ವಹಿಯಲ್ಲಿ ಬರೆಯುವಾಗ ಒಂದು ಕಡೆ ಬೇಕೆಂದೇ ಸ್ವರ ಬದಲಿಸಿ ಬರೆಯುವುದು. ರಾಗ ಕೆಡಬಾರದು, ತಾಳ ತಪ್ಪಬಾರದು, ನೋಡಿದವರಿಗೆ ಅನುಮಾನವೂ ಬರಬಾರದು. ಆದರೆ ಚೀಜಿನ ಜೀವ ಇರುವ ಜಾಗ ಮಾತ್ರ ಅಲ್ಲಿ ಇರಬಾರದು. ಯಾರಾದರೂ ವಹಿ ಕದ್ದು ಹಾಡಿದರೆ ಸಪ್ಪೆ ಹಾಡು ಹಾಡಲಿ, ಶಿಷ್ಯನಿಗೆ ಮಾತ್ರ ಬಾಯಿಂದ ಸರಿಯಾದದ್ದು ಸಿಗಲಿ ಎಂಬ ಲೆಕ್ಕ. ಇದಕ್ಕೆ ಅವರು ಬೀಗ ಅನ್ನುತ್ತಿದ್ದರು. ಒಮ್ಮೆ ಯಾರೋ ಅವರ ಎರಡು ಚೀಜು ಕದ್ದು ತಮ್ಮ ಹೆಸರಲ್ಲಿ ಹಾಡಿದ ಮೇಲೆ ಅವರು ಪ್ರತಿ ಪುಟಕ್ಕೂ ಬೀಗ ಹಾಕಿದರಂತೆ.

ಹಾಗಿದ್ದರೆ ಆಯಿತಲ್ಲ, ಎಲ್ಲೆಲ್ಲಿ ಬದಲಿಸಿದ್ದೀರೋ ಅಲ್ಲೆಲ್ಲ ಪೆನ್ಸಿಲಿನಿಂದ ತಿದ್ದಿಬಿಡಿ ಎಂದೆ. ಮಾಸ್ತರರು ನನ್ನನ್ನು ನೋಡಿದ ನೋಟ ಮರೆಯುವಂಥದ್ದಲ್ಲ. ಸ್ಲೇಟಿನ ಮೇಲೆ ಬರೆದರು: "ಹಾಡಿದರೆ ಗಂಟಲು ತಾನೇ ಸರಿ ದಾರಿಗೆ ಹೋಗುತ್ತಿತ್ತು. ನಾನು ನೆನಪಿಟ್ಟವನಲ್ಲ."

ಆಮೇಲೆ ಹಾರ್ಮೋನಿಯಂ ಎಳೆದುಕೊಂಡು, ಕರಡು ನೋಡುತ್ತ ಒಂದು ಪುಟ ನುಡಿಸಿದರು. ನಿಲ್ಲಿಸಿದರು. ಬೇರೆ ಥರ ನುಡಿಸಿದರು. ತಲೆ ಅಲ್ಲಾಡಿಸಿದರು. ಅದೂ ಹೌದು ಅನ್ನಿಸುತ್ತದೆ, ಇದೂ ಹೌದು ಅನ್ನಿಸುತ್ತದೆ. ಕಳ್ಳನಿಗೆ ಗೊತ್ತಾಗದ ಹಾಗೆ ಅಷ್ಟು ಜಾಣತನದಿಂದ ಹಾಕಿದ ಬೀಗ ಈಗ ಅವರಿಗೇ ಕಾಣಿಸುತ್ತಿರಲಿಲ್ಲ. ಎಪ್ಪತ್ತಾರು ವರ್ಷದ ಮನುಷ್ಯ ಹಾರ್ಮೋನಿಯಂ ಮೇಲೆ ಹಣೆಯಿಟ್ಟು ಅತ್ತರು. ಧ್ವನಿಯಿಲ್ಲದ ಅಳು ಅದು, ಕೊರಳ ತೂತಿನಿಂದ ಬರೀ ಗಾಳಿ ಬರುತ್ತಿತ್ತು. ವೈನಿ ಸೆರಗಿನಿಂದ ಅವರ ಕೊರಳೊರೆಸುತ್ತ ನನ್ನ ಕಡೆ ನೋಡಲೇ ಇಲ್ಲ.

ನಾನು ಅಲ್ಲಿಂದಲೇ ಪ್ರಕಾಶಕರಿಗೆ ಫೋನು ಮಾಡಿದೆ. ಪಾಪ, ಅವರು ಕೆಟ್ಟವರಲ್ಲ. ಕರಡು ಕಳಿಸಿದ್ದು ಬರೀ ಹೆಸರು ಗಿಸರು ನೋಡಲಿಕ್ಕೆ, ಒಳಗಿನ ಪುಟಗಳೆಲ್ಲ ತಯಾರಾಗಿವೆ ಎಂದರು.

"ಸೋಮವಾರ ಮಶೀನಿಗೆ ಹೋಗತೈತ್ರಿ ಅಕ್ಕಾರ. ಅವರ ಸಹಿ ಐತಿ ನನ್ನ ಕಡೆ. ನಿಲ್ಲಸ್ರಿ ಅಂತ ನೀವು ಹೇಳಿದ್ರ ಹೆಂಗ? ಅವರೇ ಮಾತಾಡ್ಲಿ."

ಅವರಿಗೆ ಮಾತಾಡಲು ಬರುವುದಿಲ್ಲ ಎಂದೆ. ಹಾಗಾದರೆ ಬರೆದುಕೊಡಲಿ ಎಂದರು. ವಹಿ ಬರೆದ ಕೈಯಿಂದಲೇ ಬರೆದದ್ದಾಗಬೇಕು, ಅಕ್ಷರ ನಾವು ತಾಳೆ ನೋಡುತ್ತೇವೆ, ಮೊಬೈಲಿನಲ್ಲಿ ಫೋಟೋ ಕಳಿಸಿದರೆ ನಡೆಯುವುದಿಲ್ಲ ಎಂದರು. ಆಸ್ಪತ್ರೆಯ ಹಾಸಿಗೆಯಲ್ಲಿ ಮೋಸದಿಂದ ಪಡೆದ ಆ ಸಹಿಯ ಮುಂದೆ ನನ್ನ ಮಾತು ನಿಲ್ಲಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡು ಫೋನಿಟ್ಟೆ.

ಶುಕ್ರವಾರ ಶಾಲೆಗೆ ರಜೆ ಹಾಕಿ ಬೆಳಿಗ್ಗೆ ಎಂಟಕ್ಕೇ ತೋಡೂರಿನಲ್ಲಿದ್ದೆ. ಮಾಸ್ತರರು ಸ್ನಾನ ಮಾಡಿ, ಕರಡನ್ನು ಚಾಪೆಯ ಮೇಲೆ ಸಾಲಾಗಿ ಹರಡಿ ಕಾಯುತ್ತಿದ್ದರು. ನಿನಗೆ ಬರುವುದನ್ನೆಲ್ಲ ಹಾಡು ಎಂದು ಸನ್ನೆ ಮಾಡಿದರು. ನಾನು ಹಾಡಬೇಕು, ಅವರು ಕರಡಿನ ಮೇಲೆ ಬೆರಳಿಡುತ್ತ ಬರಬೇಕು. ಎಲ್ಲಿ ನನ್ನ ಬಾಯಿ ಒಂದು ಕಡೆ, ಅಚ್ಚು ಇನ್ನೊಂದು ಕಡೆ ಹೋಗುತ್ತದೋ ಅಲ್ಲಿ ಬೀಗ.

ಮೊದಲನೆಯದು ಭೀಮಪಲಾಸ. ಎರಡನೇ ಸಾಲಿನಲ್ಲಿ ತಾಳದ ಪೆಟ್ಟು ನನ್ನ ಬಾಯಲ್ಲಿ ಮಧ್ಯಮದ ಮೇಲೆ ಬಿತ್ತು, ಕರಡಿನಲ್ಲಿ ಪಂಚಮ ಇತ್ತು. ಮಾಸ್ತರರ ಬೆರಳು ಅಲ್ಲೇ ನಿಂತಿತು. ಅವರ ಮುಖ ಅರಳಿತು, ತೊಡೆ ತಟ್ಟಿ ಕೆಂಪು ಪೆನ್ನಿನಿಂದ ತಿದ್ದಿದರು. ಹಾಗೆ ಒಂದೊಂದೇ ಬೀಗ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ಒಡೆದಿತ್ತು. ವೈನಿ ಬಿಸಿನೀರು, ಬೆಲ್ಲ ತಂದಿಟ್ಟು ಒಳಗೆ ಹೋಗುತ್ತಿದ್ದರು. ನಡುವೆ ನಾನು ಉಳಿದ ಇಬ್ಬರು ಶಿಷ್ಯರ ಮನೆಗೂ ಫೋನು ಮಾಡಿದೆ. ಒಬ್ಬರು ತೀರಿಹೋಗಿ ವರ್ಷವಾಗಿತ್ತು. ಕಾರವಾರದಲ್ಲಿರುವ ಇನ್ನೊಬ್ಬರು ಭಜನೆ ಬಿಟ್ಟರೆ ಬೇರೇನೂ ನೆನಪಿಲ್ಲ ಎಂದರು.

ನನ್ನ ಪಾಲಿನವುಗಳಲ್ಲಿ ಕೊನೆಗೆ ಹಾಡಿದ್ದು ದುರ್ಗಾ ರಾಗದ ಚೀಜು. ನಾನು ಅವರ ಹತ್ತಿರ ಹೋದ ಮೊದಲ ವರ್ಷ ಕಲಿತದ್ದು. ಅದರ ಸಾಹಿತ್ಯ ಕನ್ನಡದ್ದು, ಸುಲಭ. ಹಟ್ಟಿಕೇರಿಯ ನಮ್ಮ ಶಾಲೆಯಲ್ಲಿ ಮಕ್ಕಳು ಬೆಳಗಿನ ಪ್ರಾರ್ಥನೆಗೆ ಹಾಡುವುದು ಅದನ್ನೇ, ನಾನೇ ಕಲಿಸಿದ್ದು. ಹಾಡಿದೆ. ಮಾಸ್ತರರ ಬೆರಳು ಎಲ್ಲೂ ನಿಲ್ಲದೆ ನಾಲ್ಕೂ ಸಾಲು ದಾಟಿತು. ಇನ್ನೊಮ್ಮೆ ಹಾಡಿದೆ. ಸ್ವರಕ್ಕೆ ಸ್ವರ, ಮಾತ್ರೆಗೆ ಮಾತ್ರೆ, ಅಚ್ಚಿನಲ್ಲಿದ್ದ ಹಾಗೇ ಇತ್ತು.

ಇದಕ್ಕೆ ಬೀಗ ಹಾಕಲಿಲ್ಲವಾ ಮಾಸ್ತರ್ರೇ ಎಂದು ಕೇಳಿದೆ. ಅವರು ಕರಡು ಮಗುಚಿ ಇಟ್ಟು, ಚಹ ತರಲು ವೈನಿಗೆ ಸನ್ನೆ ಮಾಡಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ಎರಡು ದಿನಗಳಲ್ಲಿ ಮೊದಲ ಸಲ ನಕ್ಕೆ. ನಲವತ್ತೊಂದರಲ್ಲಿ ಒಂದನ್ನು ಮಾತ್ರ ಅವರು ತೆರೆದಿಟ್ಟಿದ್ದರು, ಅದನ್ನೇ ನನಗೆ ಮೊದಲು ಕೊಟ್ಟಿದ್ದರು ಎಂದುಕೊಂಡೆ.

ಉಳಿದ ಇಪ್ಪತ್ತೆರಡರ ಕತೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಕರಡು ನೋಡಿ ನಾನು ಹಾಡಿದೆ, ಅವರು ಕಣ್ಣು ಮುಚ್ಚಿ ಕೇಳಿದರು. ಒಮ್ಮೊಮ್ಮೆ ಕೈ ಎತ್ತಿ ತಡೆಯುತ್ತಿದ್ದರು, ತುಟಿ ಆಡಿಸುತ್ತಿದ್ದರು, ಕೊರಳ ಬಟ್ಟೆಯ ಕೆಳಗೆ ಏನೋ ಉಬ್ಬಿ ಇಳಿಯುತ್ತಿತ್ತು. ಇನ್ನೇನು ಬಂತು ಅನ್ನುವಷ್ಟರಲ್ಲಿ ಕೈ ಕೆಳಗೆ ಬೀಳುತ್ತಿತ್ತು. ಬೇರೆ ಬೇರೆ ಥರ ತಿರುಗಿಸಿ ಹಾಡಿದೆ, ಇದಾ, ಇದಾ ಎಂದು ಪ್ರತಿ ಸಲ ಕೇಳಿದೆ. ಹೌದು ಎಂದು ಒಮ್ಮೆಯೂ ತಲೆ ಆಡಿಸಲಿಲ್ಲ. ಅಂದಾಜಿನ ಮೇಲೆ ಬರೆಯೋಣ ಎಂದೆ ಕೊನೆಗೆ. ಅದಕ್ಕೆ ಅವರು ಸ್ಲೇಟನ್ನು ಚಾಪೆಯ ಮೇಲೆ ಎಸೆದರು. ಚೌಕಟ್ಟು ಬಿಟ್ಟುಕೊಂಡಿತು. ಅವರು ಕಟ್ಟಿದ ಇಪ್ಪತ್ತೆರಡು ಹಾಡು ಅವರ ಕಣ್ಣೆದುರಿಗೇ ಇದ್ದವು, ಅವರ ಅಕ್ಷರದಿಂದಲೇ ಅಚ್ಚಾಗಿದ್ದವು, ಆದರೆ ಅವರಿಗೆ ಸಿಗುತ್ತಿರಲಿಲ್ಲ. ಕದ್ದವಳು ನಾನು, ದಂಡ ಕಟ್ಟಿದವರು ಅವರು.

ಸಂಜೆ ಅವರು ಪತ್ರ ಬರೆಯಲು ಕೂತರು. ಗೆರೆ ಹಾಕಿದ ಹಾಳೆ, ಅದೇ ನೀಲಿ ಶಾಯಿ. ಅಕ್ಷರ ವಹಿಯ ಅಕ್ಷರದಂತೆ ಕಾಣದಿದ್ದರೆ ಪ್ರಕಾಶಕರು ನಂಬಲಿಕ್ಕಿಲ್ಲ ಎಂದು ಅವರಿಗೆ ಹೆದರಿಕೆ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಬರೆದರು. ಮೂರು ಸಲ ಹರಿದು ನಾಲ್ಕನೇ ಸಲಕ್ಕೆ ಮುಗಿಯಿತು. ಇಡೀ ಜೀವಮಾನ ಮಾಡಿದ ಒಂದು ಗುಟ್ಟಿನ ಕೆಲಸವನ್ನು ಮುಖ ನೋಡದ ಮನುಷ್ಯನಿಗೆ ತಾವಾಗಿ ಒಪ್ಪಿ ಬರೆಯಬೇಕಾಗಿತ್ತು ಅವರು. ಬರೆದು ಮುಗಿಸಿ ಲಕೋಟೆಗೆ ಹಾಕಿ, ಅನ್ನದ ಅಗಳು ಹಚ್ಚಿ ಅಂಟಿಸಿ ಕೊಟ್ಟರು. ನನಗೆ ಓದಲು ಕೊಡಲಿಲ್ಲ.

ವೈನಿ ಆ ಫೋನಿನ ನಂತರ ಮೊದಲ ಸಲ ನನ್ನ ಹತ್ತಿರ ಮಾತಾಡಿದರು, ಗೇಟಿನ ತನಕ ಬಂದು.

"ಟ್ರಂಕು ತೆಗೆದು ಕೊಟ್ಟದ್ದು ನಾನೇ ಅಲ್ವಾ. ನಿಂಗೊಬ್ಳಿಗೇ ಬೈಯೂಕಾಗ್ತದಾ," ಅಂದರು. "ಆ ಕಾಗ್ದ ಮುಟ್ಸು. ಅವ್ರಿಗೆ ಬೇರೆಂತದೂ ಉಳಿಲಿಲ್ಲ."

ಶನಿವಾರ ಮತ್ತೆ ರಜೆ. ಅಂಕೋಲೆಯಿಂದ ಬೆಳಗಿನ ಬಸ್ಸು ಹಿಡಿದೆ. ಅರಬೈಲು ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತು ಬಸ್ಸು ಒಂದೂವರೆ ತಾಸು ನಿಂತಿತು. ಶನಿವಾರ ಮಧ್ಯಾಹ್ನ ಎರಡಕ್ಕೆ ಬಾಗಿಲು ಹಾಕುತ್ತೇವೆ ಎಂದಿದ್ದರು ಪ್ರಕಾಶಕರು. ಲಕೋಟೆಯನ್ನು ಚೀಲದಲ್ಲಿಡಲು ಧೈರ್ಯವಾಗದೆ ಕೈಯಲ್ಲೇ ಹಿಡಿದಿದ್ದೆ, ಬೆವರಿಗೆ ಒಂದು ಮೂಲೆ ಒದ್ದೆಯಾಯಿತು. ಆ ಒಂದೂವರೆ ತಾಸು ನಾನು ನಮ್ಮೂರಿನ ದೇವರನ್ನೆಲ್ಲ ಕರೆದೆ, ಹೆಸರು ಗೊತ್ತಿಲ್ಲದವರನ್ನೂ ಬಿಡಲಿಲ್ಲ.

ಎರಡೂಕಾಲಿಗೆ ಮುಟ್ಟಿದೆ. ಪ್ರಕಾಶಕರು ಕಾದಿದ್ದರು. ನನ್ನದೇ ವಯಸ್ಸಿನ ಮನುಷ್ಯ, ಮೂಗಿನ ತುದಿಗೆ ಚಾಳೀಸು. ಲಕೋಟೆ ಒಡೆದು, ಮೊದಲು ವಹಿಯ ಝೆರಾಕ್ಸ್ ಪಕ್ಕದಲ್ಲಿಟ್ಟು ಅಕ್ಷರ ಹೋಲಿಸಿದರು. ಆಮೇಲೆ ಓದಿದರು. ಓದುತ್ತ ಓದುತ್ತ ಒಮ್ಮೆ ನನ್ನ ಕಡೆ ನೋಡಿ, ಮತ್ತೆ ಓದಿದರು. ಕುಡಿಯಲು ನೀರು ತರಿಸಿದರು. ನಿಲ್ಲಿಸುತ್ತೇನೆ ಎಂದರು. ತಿದ್ದಿದ್ದಷ್ಟೇ ಮತ್ತೆ ಕೂರಿಸಿ ಅಚ್ಚು ಮಾಡುತ್ತೇನೆ, ತಿಂಗಳು ತಡವಾಗುತ್ತದೆ, ಅಡ್ಡಿಯಿಲ್ಲ ಎಂದರು. ನನಗೆ ಅಲ್ಲೇ ಅವರ ಕಾಲಿಗೆ ಬೀಳೋಣ ಅನ್ನಿಸಿತು. ಹತ್ತೊಂಬತ್ತು ಚೀಜಿನ ಕರಡು ಮುಂದಿಟ್ಟೆ.

ಅವರು ಒಂದೊಂದೇ ಎಣಿಸಿ, ದುರ್ಗಾ ರಾಗದ್ದನ್ನು ತೆಗೆದು ಪಕ್ಕಕ್ಕಿಟ್ಟರು. ಅದು ಸರಿ ಇದೆ, ಅದಕ್ಕೆ ಬೀಗವೇ ಇಲ್ಲ ಎಂದೆ. ಅವರು ಪತ್ರವನ್ನು ನನ್ನ ಕಡೆ ತಿರುಗಿಸಿ, ಕೊನೆಯ ಸಾಲುಗಳ ಮೇಲೆ ಬೆರಳಿಟ್ಟರು.

"ಈ ಪತ್ರ ತಂದವಳ ಬಾಯಲ್ಲಿ ಇರುವ ಹದಿನೆಂಟು ಮಾತ್ರ ನನ್ನವು. ಉಳಿದವು ನನ್ನ ಕೈಬರಹ, ನನ್ನ ಹಾಡಲ್ಲ. ದಯವಿಟ್ಟು ಅವನ್ನು ನನ್ನ ಹೆಸರಲ್ಲಿ ಅಚ್ಚು ಹಾಕಬೇಡಿ, ಕೈಮುಗಿದು ಕೇಳಿಕೊಳ್ಳುತ್ತೇನೆ. ಅವಳು ಹತ್ತೊಂಬತ್ತು ಅನ್ನುತ್ತಾಳೆ. ದುರ್ಗಾ ರಾಗದ್ದನ್ನು ತೆಗೆಯಿರಿ. ಅದನ್ನು ಅವಳಿಗೆ ಕಲಿಸಿದ ವರ್ಷ ನನಗೆ ಅವಳ ಮೇಲೆ ಭರವಸೆ ಇರಲಿಲ್ಲ. ಬೀಗ ಹಾಕಿದ್ದನ್ನೇ ಕಲಿಸಿದೆ."

ನಾನು ಎರಡು ಸಲ ಓದಿದೆ. ಪ್ರಕಾಶಕರು ಎದ್ದು ಹೋಗಿ ಕಿಟಕಿ ಹಾಕುತ್ತಿದ್ದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ಬಂದದ್ದು ಸಿಟ್ಟು. ಇಪ್ಪತ್ತೆರಡು ವರ್ಷ ಶನಿವಾರ ತಪ್ಪಿಸದೆ ಹೋದವಳು ನಾನು. ಮದುವೆಯಾದ ವಾರವೂ ಹೋಗಿದ್ದೆ, ಹೆರಿಗೆಯಾಗಿ ಮೂರು ತಿಂಗಳಿಗೆ ಮಗುವನ್ನು ವೈನಿಯ ಮಡಿಲಲ್ಲಿ ಹಾಕಿ ಹಾಡಿದ್ದೆ. ಅಷ್ಟೂ ವರ್ಷ ನಾನು ಆ ಚೀಜು ಹಾಡುವುದನ್ನು ಅವರು ಎದುರಿಗೆ ಕೂತು ಕೇಳಿದ್ದರು. ಆಮೇಲೆ ಯೋಚನೆ ಬಂತು: ವಹಿ ಕದ್ದವಳು ನಾನೇ ತಾನೆ. ಮೊದಲ ವರ್ಷ ಅವರು ನನ್ನ ಬಗ್ಗೆ ಎಣಿಸಿದ್ದನ್ನು ಸುಳ್ಳು ಅನ್ನಲು ನನಗೆ ಬಾಯಿ ಎಲ್ಲಿತ್ತು? ಇಷ್ಟಾದರೂ ಸಿಟ್ಟು ಇಳಿಯಲಿಲ್ಲ. ಘಾಟಿ ಇಳಿಯುವಷ್ಟರಲ್ಲಿ ಅಳುವೂ ಬಂತು.

ಭಾನುವಾರ ಬೆಳಿಗ್ಗೆ ತೋಡೂರಿಗೆ ಹೋದೆ. ಅಚ್ಚು ನಿಂತಿತು ಎಂದು ಹೇಳಿದೆ. ಮಾಸ್ತರರು ಕಣ್ಣು ಮುಚ್ಚಿ ಕೈ ಜೋಡಿಸಿದರು. ನಾನು ಪತ್ರ ಓದಿದ್ದೇನೆಂದು ಅವರಿಗೆ ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು. ಚೌಕಟ್ಟು ಕಟ್ಟಿದ್ದ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಬರೆದರು.

"ಮುಂದಿನ ವರ್ಷ ಸರಿ ಮಾಡಬೇಕೆಂದಿದ್ದೆ. ಅಷ್ಟರಲ್ಲಿ ನೀನು ಅದನ್ನು ಬಹಳ ಚೆಂದ ಹಾಡುತ್ತಿದ್ದೆ."

"ಸರಿಯಾದದ್ದು ಹೆಂಗೆ ಮಾಸ್ತರ್ರೇ?" ಎಂದೆ.

ಅವರು ಸ್ಲೇಟು ಒರೆಸಿದರು. ಬಳಪ ಹಿಡಿದ ಕೈ ಸ್ಲೇಟಿನ ಮೇಲೆ ಹಾಗೇ ಇತ್ತು. ಏನೂ ಬರೆಯಲಿಲ್ಲ.

ಪುಸ್ತಕ ಬಂದಿದೆ, ತೆಳ್ಳಗಿದೆ, ಹದಿನೆಂಟು ಚೀಜು. ನಾನು ಈಗಲೂ ಶನಿವಾರ ತೋಡೂರಿಗೆ ಹೋಗುತ್ತೇನೆ. ಹಾಡುತ್ತೇನೆ, ಅವರು ಕೇಳುತ್ತಾರೆ. ದುರ್ಗಾ ಮಾತ್ರ ಅಲ್ಲಿ ಹಾಡುವುದಿಲ್ಲ. ಶಾಲೆಯಲ್ಲಿ ಪ್ರಾರ್ಥನೆ ಬದಲಿಸೋಣವೆಂದು ಮುಖ್ಯೋಪಾಧ್ಯಾಯರಿಗೆ ಹೇಳಲು ಎರಡು ಸಲ ಹೋಗಿ, ಏನು ಕಾರಣ ಹೇಳುವುದೆಂದು ತಿಳಿಯದೆ ವಾಪಸ್ಸು ಬಂದೆ. ದಿನಾ ಬೆಳಿಗ್ಗೆ ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತು ಅದನ್ನೇ ಹಾಡುತ್ತಾರೆ. ನಾನು ಎದುರಿಗೆ ನಿಂತು ಒಂದೊಂದು ಸಾಲಿಗೂ ಕಿವಿಗೊಟ್ಟು ಹುಡುಕುತ್ತೇನೆ. ಎಲ್ಲೂ ತಪ್ಪು ಕೇಳಿಸುವುದಿಲ್ಲ.